ಬಿಡುಗಡೆ ಪತ್ರ

ಈ ಊರಿನ ಹೆಸರು ಸೂರ್.
ಕೊನೆಗೊಂದು ಉಕಾರ ಹಚ್ಚಿಕೊಂಡು
ಹನ್ನೊಂದು ವರ್ಷದಿಂದ ಅದರಡಿ ಮಲಗಿದ್ದೇನೆ,
ಫುಟ್‌ಬಾಲ್ ಕ್ಲಬ್ಬಿನ ಗುಮಾಸ್ತ.
ಜೆರ್ಸಿಯ ಲೆಕ್ಕ, ನೀರಿನ ಬಾಟಲಿಯ ಲೆಕ್ಕ,
ಹಳದಿ ಕಾರ್ಡಿಗೆ ಕಟ್ಟಿದ ದಂಡದ ಲೆಕ್ಕ.
ಆಟ ಗೊತ್ತಿಲ್ಲ. ಆಫ್‌ಸೈಡ್ ಎಂದರೇನೆಂದು
ಎರಡು ಸಲ ಹೇಳಿಸಿಕೊಂಡೆ,
ಎರಡು ಸಲವೂ ತಲೆಯಾಡಿಸಿದೆ.

ಹೋದ ಮಾರ್ಚಿನಿಂದ ನಮ್ಮ ಕೋಚೇ
ದೇಶದ ತಂಡಕ್ಕೂ ಕೋಚು.
ಟುನೀಸಿಯಾದವರು, ಲುತ್ಫಿ ಬುಅಜೀಜ್.
ಬೆಳಿಗ್ಗೆ ಮಸ್ಕತ್ತು, ಸಂಜೆ ಇಲ್ಲಿ,
ಬರುವಾಗ ಎಡಕ್ಕೆ ಕಡಲು, ಹೋಗುವಾಗ ಬಲಕ್ಕೆ.
ಎರಡು ಫೋನು, ಎರಡು ಟ್ರ್ಯಾಕ್‌ಸೂಟು,
ಹೊಟ್ಟೆಯುರಿಯ ಮಾತ್ರೆ ಮಾತ್ರ ಒಂದೇ ಚೀಟಿಯದು.

'ಎರಡು ದೋಣಿಯ ಮೇಲೆ ಕಾಲು'
ಎಂದು ನಕ್ಕ ಮಲಯಾಳಿ ಅಕೌಂಟೆಂಟು.
ನನಗೆ ನಗು ಬರಲಿಲ್ಲ.
ಗಂಗೊಳ್ಳಿಯಲ್ಲಿ ನನ್ನಪ್ಪ ಬಲೆ ಎಳೆವಾಗ
ಒಂದು ಕಾಲು ಈ ದೋಣಿ, ಒಂದು ಆ ದೋಣಿ,
ನಡುವೆ ಬಂಗುಡೆ ಬೆಳ್ಳಗೆ ಕುದಿಯುತ್ತಿತ್ತು.
ಬಿದ್ದವರುಂಟು.
ಬೀಳದವರು ಗಾದೆಗೆ ಸಿಕ್ಕಿಲ್ಲ, ಅಷ್ಟೆ.

ಆ ರಾತ್ರಿ ಹತ್ತೂವರೆಗೆ ಬಂದವರೇ
ಮೇಜಿನಾಚೆ ಕೂತು 'ಬರಕೊ' ಎಂದರು.
ಮಾನ್ಯ ಕೋಚರೇ,
ನಿಮ್ಮ ಎಂಟನೇ ನಂಬರಿನ ಮರ್ಹೂನನನ್ನು
ಗುರುವಾರದ ಶಿಬಿರಕ್ಕೆ ಬಿಟ್ಟುಕೊಡತಕ್ಕದ್ದು.
ದೇಶದ ಕೆಲಸ. ತಡವಾಗಕೂಡದು.
ಸಹಿ ಹಾಕಿದರು. ಎದ್ದರು.
ಮೇಜು ಸುತ್ತಿ ಈಚೆ ಬಂದು
ಇನ್ನೊಂದು ಕುರ್ಚಿ ಎಳೆದುಕೊಂಡರು,
ಕನ್ನಡಕ ಏರಿಸಿ, ಅದೇ ಕಾಗದವನ್ನು
ಈಗಷ್ಟೇ ಟಪಾಲಿನಲ್ಲಿ ಬಂದದ್ದೆಂಬಂತೆ ಓದಿದರು.
ಹುಬ್ಬು ಗಂಟಾಯಿತು.
'ಏನು ದರ್ಪ ಇವನದು!' ಎಂದರು. 'ಬರಕೊ:
ಮಾನ್ಯರೇ, ಶುಕ್ರವಾರ ನಮಗೆ ಪಂದ್ಯವಿದೆ.
ಹುಡುಗನ ಮೊಣಕಾಲು ಊದಿದೆ.
ಅದು ನಿಮಗೂ ಗೊತ್ತು,
ಐಸು ಇಟ್ಟವರು ನೀವೇ.'

ನನ್ನ ಬೆರಳು ಕೀಲಿಗಳ ಮೇಲೆಯೇ ನಿಂತವು.
ಒಂದು ಕಾಗದದ ನೆತ್ತಿಯಲ್ಲಿ ಹಾಯಿಹಡಗು,
ಇನ್ನೊಂದರ ನೆತ್ತಿಯಲ್ಲಿ ಕಠಾರಿ,
ಎರಡನೆಯದಕ್ಕೆ ಸಹಿ ಬೀಳುವ ಮೊದಲೇ
ಸಾಹೇಬರು ಸೋಫಾಕ್ಕೆ ಬಿದ್ದು ನಿದ್ದೆಹೋದರು.
ಬೂಟು ಬಿಚ್ಚಿರಲಿಲ್ಲ.
ಗಾಜಿನ ಮೇಜಿನ ಮೇಲೆ ಎರಡೂ ಫೋನು
ಗುಂಯ್‌ಗುಡುತ್ತ, ಮಗುಚಿಬಿದ್ದ ಜೀರುಂಡೆಗಳ ಹಾಗೆ
ಒಂದರತ್ತ ಒಂದು ತೆವಳಿದವು.

ಆಗ ಬಾಗಿಲಲ್ಲಿ ಮರ್ಹೂನ್.
ಮೈದಾನದಲ್ಲಿ ಚಿರತೆ,
ಇಲ್ಲಿ ಟೋಪಿ ಮುದುಡಿ ಹಿಡಿದ ಇಪ್ಪತ್ತರ ಹುಡುಗ.
'ಗುರುವಾರ ತಂಗಿಯ ಮದುವೆ,' ಅಂದ.
'ಶುಕ್ರವಾರ ಮನೆತುಂಬ ನೆಂಟರು.
ಅಪ್ಪ ಇಲ್ಲ, ನಾನೇ ನಿಲ್ಲಬೇಕು.
ರಜೆ ಯಾರನ್ನು ಕೇಳಲಿ,
ಅವರನ್ನೋ, ಅವರನ್ನೋ?'
ಎರಡು ಸಲವೂ ಬೆರಳು
ಸೋಫಾದ ಕಡೆಗೇ ಹೋಯಿತು.

ನಾನು ಉತ್ತರ ಹುಡುಕುತ್ತಿದ್ದೆ.
ಕಣ್ಣು ತೆರೆಯದೆಯೇ ಸೋಫಾ ಮಾತಾಡಿತು:
'ಕ್ಲಬ್ಬಿನವನಿಗೆ ಹೇಳು, ದೇಶ ಕರೆಸಿದೆ ಅಂತ.
ದೇಶದವನಿಗೆ ಹೇಳು, ಕ್ಲಬ್ಬು ಬಿಡಲಿಲ್ಲ ಅಂತ.'
ಮತ್ತೆ ಗೋಡೆಯ ಕಡೆ ಮಗ್ಗುಲಾಯಿತು.

ಶುಕ್ರವಾರ ಸೋತೆವು.
ಎಪ್ಪತ್ತನೇ ನಿಮಿಷದಲ್ಲಿ ಗೆರೆಯ ಬಳಿ ನಿಂತು
ಕೋಚು ಗಂಟಲು ಹರಿದು ಕೂಗಿದ್ದು
'ಮರ್ಹೂನ್, ಓಡು!' ಎಂದೇ.
ಎಂಟನೇ ನಂಬರಿನ ಜಾಗದಲ್ಲಿದ್ದ ಹುಡುಗ
ಪಾಪ, ಓಡಿದ.

ಶನಿವಾರ ಮದುವೆಮನೆಯಿಂದ ಹಲ್ವಾ ಬಂತು,
ಮಣ್ಣಿನ ಬಟ್ಟಲು, ಬೆಚ್ಚಗೆ,
ಮುಚ್ಚಳ ತೆಗೆದರೆ ಕೇಸರಿ, ಏಲಕ್ಕಿ, ಗುಲಾಬಿನೀರು.
ಕೋಚು ಕಾರಿನಲ್ಲೇ ಕೂತು,
ಇಂಜಿನು ಆರಿಸದೆ, ತಳ ಗೋರಿ ತಿಂದರು.
ಬೆರಳು ಚೀಪುತ್ತ ಕಿಟಕಿ ಇಳಿಸಿ
'ಇನ್ನೊಂದು ಬಟ್ಟಲು ಕಟ್ಟಿಕೊಡು,' ಅಂದರು,
'ಮಸ್ಕತ್ತಿನಲ್ಲಿ ಅವನಿಗೂ ಕೊಡಬೇಕಲ್ಲ.'