ಸಣ್ಣ ಉರಿ

ಘಾಟ್ಕೋಪರಿನ ಗಲ್ಲಾದಲ್ಲಿ ಮೂವತ್ತೊಂದು ವರ್ಷ ಕೂತ
ದೂಮಪ್ಪ ಸಾಲ್ಯಾನರಿಗೆ
ಡ್ರಾವರು ಎಳೆದರೆ ಈಗ ಹೊಟ್ಟೆಗೇ ತಾಗುತ್ತದೆ.

ಪರೇಲಿನ ಡಾಕ್ಟರಮ್ಮ ಹೇಳಿದ ಪದಕ್ಕೆ
ಮಗಳು ಲೋಕಲಿನಲ್ಲಿ ಕನ್ನಡ ಹುಡುಕಿದಳು:
ಉರಿಯೂತ.
‘ಊತ ಸರಿ, ಕಾಣುತ್ತದೆ. ಉರಿ ಎಲ್ಲಿ?’

ಗಿರಾಕಿ ಇಲ್ಲದ ಮಧ್ಯಾಹ್ನವೂ
ದೋಸೆಕಾವಲಿಯ ಕೆಳಗೆ ಆರಿಸುವುದಿಲ್ಲ,
ಸಣ್ಣಗೆ, ನೀಲಿ.
ಕೊಬ್ಬೂ ಹಾಗೆಯೇ ಅಂತೆ, ಸುಮ್ಮನೆ ಕೂರದು,
ರಕ್ತದ ಗಲ್ಲಿಗಲ್ಲಿಗೆ ಕಡ್ಡಿಪೊಟ್ಟಣ ಹಂಚುತ್ತದೆ.
ಕರುಳಿನ ಗೋಡೆ ಸುಟ್ಟು, ಕಟ್ಟಿ, ಮತ್ತೆ ಸುಟ್ಟು,
ಕಟ್ಟುವ ಅವಸರದಲ್ಲಿ ಒಂದು ಇಟ್ಟಿಗೆ
ನಿಲ್ಲುವುದನ್ನು ಮರೆತಿರಬಹುದು.

ಬಹುದು. ಡಾಕ್ಟರಮ್ಮ ಅಷ್ಟೇ ಅಂದದ್ದು.
ಹತ್ತು ರೂಪಾಯಿ ತಪ್ಪಿದರೂ ನಿದ್ದೆಗೆಡುವವರು
ಅದನ್ನು ಯಾವ ಕಾಲಮ್ಮಿಗೆ ಬರೆಯಲಿ ಎನ್ನುತ್ತ
ಕುರ್ಲಾ ದಾಟಿದ್ದೇ ತಿಳಿಯಲಿಲ್ಲ.

ಬಂದವರೇ ಅಡುಗೆಮನೆಗೆ ನುಗ್ಗಿ
ನಾಬು ತಿರುಗಿಸಿದರು.
ಕಬ್ಬಿಣ ಬಹಳ ಹೊತ್ತು ಆರಲಿಲ್ಲ.