ಕಚ್ಚಾ ರಸ್ತೆ

ಹೆಬ್ಬೈಲಿನ ಶಾಲೆಗೆ ವರ್ಗವಾಗಿ ಬಂದ ವರ್ಷ
ಶಿವಮೊಗ್ಗದಲ್ಲಿ ಹಳೆಯ ಸೈಕಲ್ಲೊಂದು ಕೊಂಡೆ.
ಎರಡು ಬೆರಳಗಲದ ಟೈರು, ಕೆಳಕ್ಕೆ ಸುತ್ತಿಕೊಂಡ ಹ್ಯಾಂಡಲ್ಲು.
ಡ್ರಿಲ್ ಮೇಷ್ಟ್ರಿಗೆ ಈ ವಯಸ್ಸಲ್ಲಿ ಟಗರಿನ ಕೋಡು
ಎಂದರು ಸ್ಟಾಫ್ ರೂಮಿನಲ್ಲಿ.

ಟಾರು ಮುಗಿಯುವುದು ಸೊಸೈಟಿಯ ಗೋಡೆಯ ಹತ್ತಿರ,
ಕತ್ತಿಯಲ್ಲಿ ಕಡಿದ ಹಾಗೆ.
ಅಲ್ಲಿಂದ ಮುಂದೆ ರಸ್ತೆಗೆ ಬಾಯಿ ಬರುತ್ತದೆ.
ಮೊದಲು ಚೂಪು ಜಲ್ಲಿ,
ಯಾವನೋ ಗುತ್ತಿಗೆದಾರ ಸುರಿದು, ಬಿಲ್ಲು ಮಾಡಿಸಿಕೊಂಡು, ಮರೆತದ್ದು;
ಆಮೇಲೆ ಜಂಬಿಟ್ಟಿಗೆಯ ಕೆಂಪು ನುರುಜು,
ಬ್ರೇಕ್ ಹಿಡಿದರೆ ಮೆಣಸಿನಕಾಳು ಹರಡಿದ ಅಂಗಳ;
ಆಮೇಲೆ ಬ್ಯಾಣದ ಉದ್ದಕ್ಕೆ ಜೀಪು ಎಳೆದ ಎರಡು ಗೆರೆ,
ನಡುವೆ ಹೊಟ್ಟೆ ಸವರುವ ಕರಡ.

ಎರಡು ಬೇಸಿಗೆಯಲ್ಲಿ ದಾರಿಗಳನ್ನು ಕಲಿತೆ.
ಕಲ್ಲುಸಂಕದ್ದು: ಸಂಕ ಮುರಿದಿದೆ, ಸೈಕಲ್ಲು ಹೆಗಲ ಮೇಲೆ.
ಹುಲಿಗುಂಡಿಯದ್ದು: ಹುಲಿ ಇಲ್ಲ, ಗುಂಡಿ ಇವೆ.
ಹಿನ್ನೀರು ಇಳಿದ ತಿಂಗಳು ಮಾತ್ರ ಇರುವ ದಾರಿಯೊಂದುಂಟು,
ಅಲ್ಲಿ ಕೆಸರಿನಿಂದ ಕುತ್ತಿಗೆ ಎತ್ತಿದ ಮೈಲಿಗಲ್ಲು
ಇನ್ನು ನಾಲ್ಕೇ ಮೈಲಿ ಎನ್ನುತ್ತದೆ,
ಈಗ ಇಲ್ಲದ ಪೇಟೆಗೆ.

ಆದರೆ ಭಾನುವಾರಗಳೆಲ್ಲ ಮೇಲಿನಕೊಪ್ಪದವು.
ಒಂಬತ್ತು ಮನೆ, ಮೂರೂವರೆ ಕಿಲೋಮೀಟರ್ ಏರು.
ಕೂತು ತುಳಿದರೆ ಮುಂದಿನ ಚಕ್ರ ಏಳುತ್ತದೆ,
ನಿಂತು ತುಳಿದರೆ ಹಿಂದಿನದು ಜಾರುತ್ತದೆ.
ಎರಡರ ನಡುವೆ ಒಂದು ಭಂಗಿ ಇದೆ,
ಭತ್ತದ ಮೂಟೆ ಹೊತ್ತವರು ಬಲ್ಲರು.
ಕಾಡುಕೋಣದ ಸಗಣಿ ಹಬೆಯಾಡುತ್ತಿದ್ದರೆ
ಕಾಲೂರಿ ಕಾಯಬೇಕು. ಬೆಲ್ ಹೊಡೆಯಬಾರದು.
ಮೂರನೆಯ ತಿರುವು ನನ್ನದು:
ಇಳಿಯುವಾಗ ಅಲ್ಲಿ ಬ್ರೇಕ್ ಬಿಟ್ಟು ಹೋ ಎಂದು ಕೂಗುವವನು ನಾನು,
ಐವತ್ತೊಂದು ವರ್ಷದ ಸರ್ಕಾರಿ ನೌಕರ.

ನೆತ್ತಿಯಲ್ಲಿ ಉಣುಗೋಲು.
ಕೆರಿಯಮ್ಮ ಒಂದೊಂದೇ ಗಳ ಸರಿಸಿ, ನೀರು ಬೆಲ್ಲ ಕೊಟ್ಟು,
"ಎಂತಕ್ಕೆ ಹತ್ತುದು, ಎಂತಕ್ಕೆ ಇಳಿಯುದು ಮೇಷ್ಟ್ರೆ?
ಎಂತ ಇಟ್ಟು ಮರ್ತೀರಿ ಇಲ್ಲಿ?"
ಉತ್ತರಿಸಲು ಉಸಿರಿರಲಿಲ್ಲ.
ಉಸಿರು ಬಂದ ಮೇಲೂ ಇರಲಿಲ್ಲ.

ಕಳೆದ ಭಾನುವಾರ ಅವರ ಕೈಯಲ್ಲಿ ಅರ್ಜಿ.
ಹತ್ತೊಂಬತ್ತನೆಯದಂತೆ. ಎಂಟು ಮನೆಯ ಸಹಿ, ಹೆಬ್ಬೆಟ್ಟು.
"ನೌಕರಿಯವರದ್ದೊಂದು ಇದ್ರೆ ತೂಕ."
ಮೊಮ್ಮಗಳು ಓದಿದಳು, ನಮ್ಮ ಏಳನೇ ಕ್ಲಾಸಿನವಳು.
ಮಾನ್ಯರೇ, ಎಂದು ಶುರುವಾಗುತ್ತಲೇ ನಕ್ಕಳು,
ಅವಳ ಹೆಸರೇ ಮಾನ್ಯ.
ಸದರಿ ರಸ್ತೆಯು ಸಂಚಾರಕ್ಕೆ ಯೋಗ್ಯವಾಗಿರುವುದಿಲ್ಲ.
ನಾನು ಟೈರಿನ ಕಡೆ ನೋಡಿದೆ.

"ಇವಳನ್ನ ಹೆರುವಾಗ ಜೀಪು ಹೂತಿತು,
ಮೂರನೇ ತಿರುವಲ್ಲಿ. ಕಂಬಳಿ ಅಡ್ಡ ಹಿಡಿದ್ವಿ.
ಟಾರ್ಚಿನ ಸೆಲ್ಲೂ ಮುಗಿದಿತ್ತು."
ಹೇಳಿದ್ದು ಇಷ್ಟೇ. ಹೇಳುತ್ತ ಬೆಲ್ಲದ ಡಬ್ಬಿಗೆ
ಇರುವೆ ಹತ್ತಿದ್ದನ್ನು ಊದುತ್ತಿದ್ದರು.

ಸೈಕಲ್ಲಿನ ಸೀಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ.
ಮೆತ್ತನೆಯ ಸೀಟು. ಪೆನ್ನು ಎರಡು ಕಡೆ ತೂತು ಮಾಡಿತು.
"ಟಾರು ಬಿದ್ರೂ ಬರ್ತೀರಲ್ಲ ಮತ್ತೆ?"
ಬರ್ತೀನಿ ಎಂದೆ.
ಬಸ್ಸಿನಲ್ಲಿ ಎನ್ನಲಿಲ್ಲ.

ಮೂರನೆಯ ತಿರುವಲ್ಲಿ ಇಳಿದು ನಿಂತೆ.
ಒಂದು ಮತ್ತಿ ಮರ, ಲಂಟಾನ,
ಹವಾಯಿ ಚಪ್ಪಲಿಯ ಒಂಟಿ ಅಟ್ಟೆ.
ತಳ್ಳಿಕೊಂಡೇ ದಾಟಿದೆ, ಸ್ವಲ್ಪ ದೂರ.
ಆಮೇಲೆ ಇಳಿಜಾರು ಕರೆಯಿತು, ಹತ್ತಿದೆ,
ಸುಳ್ಳೇಕೆ, ಖುಷಿಯೇ ಆಯಿತು.

ಸೊಸೈಟಿಯ ಗೋಡೆಯಿಂದೀಚೆ ನುಣ್ಣನೆಯ ರಸ್ತೆ.
ಟೈರಿನ ಹಲ್ಲಿಗೆ ಸಿಕ್ಕ ಕಲ್ಲೊಂದು
ಟಿಕ್ ಟಿಕ್ ಎನ್ನುತ್ತ ಮನೆಯ ತನಕ ಬಂತು.
ಎಬ್ಬಲು ಸ್ಕ್ರೂಡ್ರೈವರ್ ಬೇಕು,
ಅದು ಸ್ಟಾಫ್ ರೂಮಿನಲ್ಲಿದೆ.
ನಾಳೆ.