ಐದನೇ ಜೇಬು

‘ಮನೆಯ ಯಜಮಾನರ ಹೆಸರು?’
ಮೊದಲು ಕೇಳಬೇಕಾದ್ದು ಇದು, ಫಾರಮ್ಮಿನ ಕ್ರಮವೇ ಹಾಗೆ.
ಕೆನುವೆ ಕೈ ಒರೆಸಿಕೊಳ್ಳುತ್ತ ಬಂದು
ಗೋಡೆಯ ಮೊಳೆಯತ್ತ ಗದ್ದ ಎತ್ತಿದಳು:
ದೀಪ ಕಿತ್ತುಹೋದ ಗಣಿ ಹೆಲ್ಮೆಟ್ಟು,
ಅದರಡಿ ಬೆಂಚಿನ ಮೇಲೆ, ಕಂಬಳಿಯೊಳಗೆ,
ಅವಳ ಮಾವ ತ್ಸೆಲಿಸೊ
ಹೆಸರು ಹೇಳಲು ಕೆಮ್ಮು ಮುಗಿಯಲೆಂದು ಕಾಯುತ್ತಿದ್ದರು.

ಅವರ ಕೆಲಸ ಹೋದ ಕಥೆ ಮಪುತ್ಸ್ವೆಯಲ್ಲಿ ಯಾರಿಗೆ ಗೊತ್ತಿಲ್ಲ?
ಗಡಿಯಾಚೆ ಚಿನ್ನದ ಗಣಿ ಬಾಗಿಲು ಹಾಕಿದಾಗ
ಬಸ್ಸಿನ ನೆತ್ತಿಯ ಮೇಲೆ ತಗಡಿನ ಟ್ರಂಕು ಬಂತು,
ಜೊತೆಗೆ ಕಂಪನಿ ಮೊಹರಿನ ಕಾಗದ, ಲಕೋಟೆಯಲ್ಲಿ ದುಡ್ಡು.
ಸಾವಿನ ಮನೆಗೆ ಬರುವ ಹಾಗೆ ಜನ ಬಂದರು,
ಮೂರು ದಿನ ಕೂತರು.
ಒಂದು ಕೊಡ ನೀರು ತಾ ಎಂದು ಯಾರೂ ಅವರಿಗೆ ಅನ್ನಲಿಲ್ಲ.
ರೇಡಿಯೋದಲ್ಲಿ ಮಂತ್ರಿಯೊಬ್ಬರ ಗಂಟಲು ಕಟ್ಟಿತಂತೆ.
ಆ ವರ್ಷಕ್ಕೊಂದು ಹೆಸರೂ ಬಿತ್ತು:
ಗಂಡಸರು ವಾಪಸು ಬಂದ ವರ್ಷ.

ಕೆನುವೆಯ ಕೆಲಸ ಹೋದದ್ದು ಒಂದು ಮಂಗಳವಾರ,
ಮೆಸೇಜಿನಲ್ಲಿ. ಎರಡೇ ಸಾಲು,
ಎರಡನೆಯದು ಗೇಟ್ ಪಾಸು ಹಿಂತಿರುಗಿಸಿ ಅಂತ.
ಎಲ್ಲೋ ಸಮುದ್ರದಾಚೆ ಅಂಗಡಿಗಳು ರೋಗಕ್ಕೆ ಷಟರ್ ಎಳೆದಿದ್ದವು,
ಪ್ಯಾಂಟು ಬೇಡ ಅಂದಿದ್ದವು,
ಹೊಲಿದಿಟ್ಟದ್ದೂ ಬೇಡ.
ಅವಳ ಪಾಲಿನದು ಐದನೇ ಜೇಬು,
ಬಲಗಡೆ ದೊಡ್ಡ ಜೇಬಿನ ಬಾಯಲ್ಲಿ ಕೂರುವ ಪುಟ್ಟದು,
ಯಾತಕ್ಕೆಂದು ತೊಟ್ಟವರಿಗೂ ತಿಳಿಯದ್ದು.
ದಿನಕ್ಕೆ ಒಂಬೈನೂರು. ಹನ್ನೊಂದು ವರ್ಷ.
ನಡೆದೇ ಮನೆಗೆ ಬಂದಳು. ಸಂಜೆಯಾಗಿತ್ತು,
ಸಂಜೆಯಾಗಿದ್ದರಿಂದ ಒಲೆ ಹಚ್ಚಿದಳು.
ಕೂರಲು ಯಾರೂ ಬರಲಿಲ್ಲ.
ಬಂದಿದ್ದರೆ ಅವರಿಗೂ ಮುದ್ದೆ ತೊಳಸಬೇಕಿತ್ತು.

ಶಾಲೆ ಮುಚ್ಚಿದೆ, ಮಕ್ಕಳು ಮನೆಯಲ್ಲಿರಲಿ, ಅಂತ ಸುತ್ತೋಲೆ.
ಹಾಸಿಗೆ ಖಾಲಿಯಿಲ್ಲ, ಮನೆಯಲ್ಲೇ ನೋಡಿಕೊಳ್ಳಿ, ಅಂತ ಆಸ್ಪತ್ರೆ.
ಆಗಾಗ ಕೈ ತೊಳೆಯಿರಿ ಅಂತ ಪೋಸ್ಟರು,
ಅದನ್ನು ಅಂಟಿಸಿದ್ದು ಗುಡ್ಡದ ಮೇಲೆ,
ನಲ್ಲಿ ಇರುವುದು ಗುಡ್ಡದ ಕೆಳಗೆ.
‘ಮನೆ’ ಅಂದರೆ ಯಾರು ಅಂತ
ಯಾವ ಆದೇಶವೂ ಬಿಡಿಸಿ ಹೇಳಲಿಲ್ಲ.

ಒಂಬತ್ತನೇ ಕಾಲಂ: ಬಿಕ್ಕಟ್ಟಿನಲ್ಲಿ ಕೆಲಸ ಹೋಯಿತೇ?
ಹೂಂ.
ಹತ್ತನೆಯದು: ಕಳೆದ ನಾಲ್ಕು ವಾರದಲ್ಲಿ ಕೆಲಸ ಹುಡುಕಿದಿರಾ?
ಕೆನುವೆ ನಕ್ಕಳು, ಕಂಕುಳಿನ ಮಗುವೂ ಅಲುಗಿತು.
‘ಹುಡುಕೋದಕ್ಕೆ ಬಿಡುವೆಲ್ಲಿ ತಾಯಿ?’

ಇಲ್ಲ ಅಂತ ಬರೆದರೆ ಅವಳು ನಿರುದ್ಯೋಗಿಯೂ ಅಲ್ಲ.
ಅದು ನಿಯಮ, ನಮಗೆ ಎರಡು ದಿನ ತರಬೇತಿ ಕೊಟ್ಟಿದ್ದಾರೆ.
ಪರಿಹಾರದ ಪಟ್ಟಿಯಿಂದ ಸದ್ದಿಲ್ಲದೆ ಇಳಿದುಹೋಗುತ್ತಾಳೆ,
ದುಡ್ಡು ಬಂದರೂ ಯಜಮಾನರ ಹೆಸರಿಗೆ.

ಕಂಬಳಿಯೊಳಗಿಂದ ದನಿ ಬಂತು:
‘ನನ್ನ ಕೆಲಸ ಹೋದಾಗ ನಾನು ಕೂತುಬಿಟ್ಟೆ.
ಇಪ್ಪತ್ತು ವರ್ಷ ಆಯಿತು, ಇಲ್ಲೇ ಕೂತಿದ್ದೀನಿ.
ಇವಳದು ಹೋಗಿ ಏಳು ತಿಂಗಳು, ಇನ್ನೂ ಕೂತಿಲ್ಲ.
ಅದನ್ನೆಲ್ಲಿ ಬರೀತೀಯ?’
ಮತ್ತೆ ಕೆಮ್ಮು. ಅವಳು ನೀರು ಕೊಟ್ಟಳು.

ಅಂಚಿನಲ್ಲಿ ಬರೆಯೋಣವೆಂದರೆ
ಅಂಚನ್ನು ಯಂತ್ರ ಓದುವುದಿಲ್ಲ.

ಪೆನ್ನು ಹಿಡಿದು ನಿಂತಿದ್ದೆ.
ಕೆನುವೆ ಬಾಗಿ, ನನ್ನ ಸೊಂಟದ ಬಳಿಯ ಪುಟ್ಟ ಜೇಬಿನ ಮೇಲೆ
ಹೆಬ್ಬೆರಳು ಸವರಿದಳು.
‘ನಮ್ಮ ಲೈನಿನದಲ್ಲ ಇದು. ದಾರ ಸಡಿಲ.’
ಆಮೇಲೆ, ಅಷ್ಟೇ ಮೆತ್ತಗೆ:
‘ನಿನಗೆಷ್ಟು ತಿಂಗಳು ಕೊಟ್ಟಿದ್ದಾರೆ?’

ಮೂರು, ಅಂದೆ. ಎರಡು ಆಗಲೇ ಮುಗಿದಿತ್ತು.

ಒಳಗೆ ಪಾತ್ರೆ ಉಕ್ಕಿದ ಸದ್ದಾಯಿತು. ಹೋದಳು.